ಹನ್ನೊಂದು ಮೀಟರ್

ಬಾಗಿಲಿಗೆ ಇನ್ನೂ ನೀಲಿ ಪ್ಲಾಸ್ಟಿಕ್ಕಿನ ಸಿಪ್ಪೆ.
ವೇಲ್ಸ್ ಗಡಿಯ ಈ ಗುಡ್ಡದ ಮೇಲೆ
ಹೋದ ವರ್ಷದ ತನಕ ಕುರಿಗಳಿದ್ದವು.
ಈಗ ಬೀದಿಗಳಿಗೆಲ್ಲ ಹಕ್ಕಿಗಳ ಹೆಸರು,
ಹಕ್ಕಿಗಳು ಹೆಸರು ಬಿಟ್ಟು ಎದ್ದುಹೋಗಿವೆ.

ಹದಿನೇಳು, ಟಿಟ್ಟಿಭ ಬೀದಿ.
ನನ್ನ ಯಂತ್ರದಲ್ಲಿ ಒತ್ತಿದರೆ
'ಇಂಥ ವಿಳಾಸ ಇಲ್ಲ' ಎನ್ನುತ್ತದೆ.
ವಿಳಾಸ ಎದುರಿಗೇ ನಿಂತು
ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುತ್ತಿದೆ.

ಎನಿಡ್ ಪ್ರಾಸರ್. ಎಪ್ಪತ್ತಾರು.
ಮನೆ ಮಾರಿದ ಹುಡುಗಿ
ಅಡುಗೆಕಟ್ಟೆಯ ಕಲ್ಲಿಗೆ ಏಳು ಬಣ್ಣ ತೋರಿಸಿದಳಂತೆ,
ಫೋನಿನ ಮಾತು ಎತ್ತಿದರೆ
'ಎಲ್ಲ ಇದೆ' ಎಂದಳಂತೆ.

ಇದೆ. ಗೋಡೆಯಲ್ಲಿ ಬಿಳಿ ಡಬ್ಬಿ ಇದೆ,
ಡಬ್ಬಿಗೆ ತೂತಿದೆ,
ತೂತಿನ ಹಿಂದೆ ಕೊಳವೆ ಇದೆ.
ಸರಳು ತೂರಿಸಿದೆ. ಹನ್ನೊಂದು ಮೀಟರಿಗೆ ನಿಂತಿತು.
ತಿರುವಿದೆ, ಬೈದೆ, ಮಂಡಿಯೂರಿ ಮತ್ತೆ ನೂಕಿದೆ.
ಹನ್ನೊಂದೇ.
ಹೊಸ ಹುಲ್ಲಿನ ಕೆಳಗೆ ಎಲ್ಲೋ,
ಶುಕ್ರವಾರ ಸಂಜೆ ಮನೆ ಸೇರುವ ಆತುರದಲ್ಲಿ
ಯಾವನೋ ಉಳಿದ ಸಿಮೆಂಟು ಸುರಿದು
ಕೈ ತೊಳೆದುಕೊಂಡಿದ್ದಾನೆ.

ಬಿಡಿಸಿದರೂ ಬರುವುದು ತಾಮ್ರವಲ್ಲ, ಗಾಜಿನ ಎಳೆ;
ಇಡೀ ಗುಡ್ಡಕ್ಕೆ ಒಂದೇ ಕಂಪನಿ,
ಬಿಲ್ಡರು ಬರೆದುಕೊಟ್ಟಾಗಿದೆ;
ಕರೆಂಟು ಹೋದರೆ ಫೋನೂ ಹೋಗುತ್ತದೆ.
ಹೇಳುವುದು ನನ್ನ ಕೆಲಸವಲ್ಲ. ಹೇಳಿದೆ.
ಆಕೆ ಹೂಂಗುಟ್ಟಿದರು, ಎದ್ದುಹೋಗಿ
ಟವೆಲಿನಲ್ಲಿ ಸುತ್ತಿದ್ದನ್ನು ತಂದು ಬಿಚ್ಚಿದರು:
ಬೆರಳು ಹಾಕಿ ತಿರುಗಿಸುವ ಹಸಿರು ಫೋನು,
ನಡುವಿನ ದುಂಡು ಕಾಗದದಲ್ಲಿ
ಮಾಸಿದ ಶಾಯಿಯ ಆರು ಅಂಕಿ.

'ಈ ನಂಬರು ಇಲ್ಲಿಗೆ ಬರುತ್ತದಾ?'

ಅದು ಕೆಳಗಿನ ಕಣಿವೆಯ ನಂಬರು.
ಈ ಕಂಪನಿ ಅದನ್ನು ಗುಡ್ಡ ಹತ್ತಿಸುವುದಿಲ್ಲ.

'ಗೊತ್ತು, ಆಫೀಸಿನವರು ಹೇಳಿದ್ದರು.
ನೀವು ಬೇರೆ ಏನಾದರೂ ಹೇಳುತ್ತೀರೇನೋ ಅಂತ.'

ತಮ್ಮ ಗ್ರಿಫ್. ಅಪ್ಪನನ್ನು ಮಣ್ಣು ಮಾಡಿದ ದಿನ
ಒಂದು ಗಡಿಯಾರಕ್ಕೆ ಜಗಳವಾಡಿ ಹೋದವನು.
ಹಡಗಿನಲ್ಲಿ ಅಡುಗೆ ಮಾಡುತ್ತಾನೆಂದು ಒಬ್ಬರು,
ಹಡಗನ್ನೂ ಬಿಟ್ಟನೆಂದು ಇನ್ನೊಬ್ಬರು.
ನಲವತ್ತೊಂದು ವರ್ಷ.
ಅವನಿಗೆ ಬಾಯಿಪಾಠ ಇರುವುದು ಇವು ಆರೇ.

'ಹಳೇ ಮನೆ ಕೊಂಡ ಹುಡುಗನಿಗೆ ಹೇಳಿ ಬಂದಿದ್ದೇನೆ,
ಲೈನು ತೆಗೆಸಬೇಡಪ್ಪ, ಬಾಡಿಗೆ ನಾನು ಕಟ್ಟುತ್ತೇನೆ.
ಆಯಿತು ಅಂದ.
ಹುಡುಗರು ಆಯಿತು ಅನ್ನುತ್ತಾರೆ.'

ಗಡಿಯಾರ ಎಲ್ಲಿ ಎಂದು ಕೇಳಬೇಕೆನಿಸಿತು.
ಕೇಳಲಿಲ್ಲ. ಚೀಟಿ ಬರೆದೆ:
ಕೊಳವೆ ಕಟ್ಟಿದೆ, ಅಗೆಯಬೇಕು, ಆರು ವಾರ.
ಆಕೆ ಫೋನನ್ನು ಮತ್ತೆ ಟವೆಲಿಗೆ ಸುತ್ತಲಿಲ್ಲ,
ಬಿಳಿ ಡಬ್ಬಿಯ ಕೆಳಗೆ ನೆಲದ ಮೇಲಿಟ್ಟು,
ಸುರುಳಿ ತಂತಿಯ ಗಂಟು ಬಿಡಿಸುತ್ತಾ ಕೂತರು.

ಗುಡ್ಡ ಇಳಿದು, ಮೊಬೈಲಿಗೆ ಎರಡು ಗೆರೆ ಬರುವ
ಸೇತುವೆಯ ಬಳಿ ವ್ಯಾನು ನಿಲ್ಲಿಸಿ
ಬುತ್ತಿ ಬಿಚ್ಚಿದೆ. ಮೊಟ್ಟೆ, ಬ್ರೆಡ್ಡು.
ಲೈನು ಬದುಕಿದೆಯೋ ಇಲ್ಲವೋ ನೋಡುವುದು
ಇಪ್ಪತ್ತು ವರ್ಷದ ಕೈಚಟ.
ಒತ್ತಿದೆ, ಆರೂ.

ಮೊದಲ ಗಂಟೆ ಪೂರ್ತಿ ಮುಗಿದಿರಲಿಲ್ಲ.

'ಗ್ರಿಫ್?'
ನಿದ್ದೆಗಣ್ಣಿನ ಎಳೆಯ ದನಿ, ಏನೋ ಉರುಳಿದ ಸದ್ದು.
'ಗ್ರಿಫ್ ತಾನೇ? ಇಡಬೇಡಿ, ದಮ್ಮಯ್ಯ,
ಇಲ್ಲೇ ಗೋಡೆಗೆ ಅಂಟಿಸಿದ್ದೇನೆ, ಓದುತ್ತೇನೆ,
ಬರೆದುಕೊಳ್ಳಿ:
ಹದಿನೇಳು,
ಟಿಟ್ಟಿಭ ಬೀದಿ—'